ವಾಲಿಯ ಕೊನೆಯ ಮಾತು, ಮಕ್ಕಳ ಉಪಸಂಹಾರ

"ಟೀಚರೇ, ಪೀಠಿಕೆಗೆ ಎಷ್ಟು ಮಾರ್ಕು?"

ಪ್ರಬಂಧದ ಪಾಠ ಶುರುವಾದ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ತಲೆಬರಹಗಳನ್ನು, ಅಡಿಗೆರೆ ಸಮೇತ, ಮಕ್ಕಳು ಕೆಳಗಿನ ತರಗತಿಗಳಿಂದಲೇ ಹೊತ್ತು ತಂದಿರುತ್ತಾರೆ. ಪ್ಲಸ್ ಟು ತಲಪುವಾಗ ಪೀಠಿಕೆ ಎಂದರೆ ಗಾದೆ ನೇತುಹಾಕುವ ಗೂಟ. ಉಪಸಂಹಾರ ಎಂದರೆ "ನಾವೆಲ್ಲರೂ ಕೈಜೋಡಿಸೋಣ" ಎಂದು ಕೈತೊಳೆದುಕೊಳ್ಳುವ ಜಾಗ. ಮಳೆಗಾಲದ ವರ್ಣನೆಗೆ ಇದು ಹೇಗೋ ನಡೆದೀತು. ಚರ್ಚೆಯ ಪ್ರಬಂಧದಲ್ಲಿ ಎದುರಿಗೆ ಒಪ್ಪದವನೊಬ್ಬ ಕುಳಿತಿರುತ್ತಾನೆ. ಅವನಿಗೆ ಗಾದೆ ಸಾಲದು.

ಹೋದ ವರ್ಷ "ನೀರಿನ ಕೊರತೆಗೆ ಕೊಳವೆ ಬಾವಿ ಪರಿಹಾರವೇ?" ಎಂಬ ವಿಷಯ ಕೊಟ್ಟಿದ್ದೆ. ಒಬ್ಬಳು ಹೀಗೆ ಆರಂಭಿಸಿದ್ದಳು: "ನೀರು ಸಕಲ ಜೀವರಾಶಿಗಳಿಗೂ ಅತ್ಯಮೂಲ್ಯ. ಇಂದಿನ ಆಧುನಿಕ ಯುಗದಲ್ಲಿ..." ಇದನ್ನು ಅಲ್ಲವೆನ್ನುವವರು ಯಾರಿದ್ದಾರೆ? ಯಾರೂ ಅಲ್ಲಗಳೆಯಲಾರದ ಮಾತಿನಿಂದ ವಾದ ಹುಟ್ಟುವುದಿಲ್ಲ. ಅವಳ ಮನೆ ನಮ್ಮ ಕಾಸರಗೋಡು ಜಿಲ್ಲೆಯ ಬಾಯಾರು ಎಂಬ ಊರಿನ ಕಡೆ. ಮನೆಗೆ ನೀರು ಎಲ್ಲಿಂದ ಎಂದು ಕೇಳಿದೆ.

"ಹಿಂದಿನ ಗುಡ್ಡದ ಸುರಂಗದಿಂದ ಟೀಚರೇ, ಅಜ್ಜ ತೋಡಿಸಿದ್ದು. ಕೆಳಗಿನ ತೋಟದವರು ಬೋರ್ ಹೊಡೆಸಿದ ಮೇಲೆ ನೂಲಿನಷ್ಟೇ ಬರುತ್ತದೆ."

ನಮ್ಮ ಊರಿನ ಸುರಂಗವನ್ನು ಕಾಣದವರಿಗಾಗಿ ಹೇಳುತ್ತೇನೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದ ಬಾವಿ ಅದು. ಒಳಗಿನ ಒರತೆ ಪಂಪಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ. ಇಷ್ಟು ದೊಡ್ಡ ವಿಷಯವನ್ನು ಮನೆಯ ಹಿತ್ತಲಲ್ಲಿ ಬಿಟ್ಟು ಹುಡುಗಿ ಸಕಲ ಜೀವರಾಶಿಗಳನ್ನು ಹುಡುಕಿಕೊಂಡು ಹೋಗಿದ್ದಳು!

ಬೋರಿನಿಂದಲೇ ನೀರು ಕಡಿಮೆಯಾಯಿತೆಂದು ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಒಳ್ಳೆಯದೇ ಆಯಿತು. ಸಾಬೀತು ಮಾಡಲಾಗದ್ದನ್ನು ಪೀಠಿಕೆಯಲ್ಲಿ ಸಾರಿದರೆ ಮುಂದಿನ ಮೂರು ಪುಟ ಅದರ ಸಾಲ ತೀರಿಸುವುದರಲ್ಲೇ ಕಳೆಯುತ್ತದೆ. ಎರಡನೆಯ ಸಲ ಅವಳು ಬರೆದದ್ದು ಇದು: "ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಆದರೂ ಏಪ್ರಿಲಿನಲ್ಲಿ ನಮ್ಮ ಸುರಂಗದ ನೀರು ನೂಲಿನಷ್ಟಾಗುತ್ತದೆ. ಕೊಳವೆ ಬಾವಿ ಕೊರೆಸಿ, ಒಂದೇ ದಿನದಲ್ಲಿ ಕಷ್ಟ ಮುಗಿಯಿತು ಎನ್ನುತ್ತಾರೆ ನೆರೆಯವರು. ಸುರಂಗವಿರುವ ಗುಡ್ಡದ ಬುಡದಲ್ಲಿ ಅದು ಕೊನೆಯ ದಾರಿಯಾಗಬೇಕೆಂಬುದು ನನ್ನ ವಾದ." ಮಳೆಯೂ ಇದೆ, ಬರವೂ ಇದೆ ಎಂಬ ಗಂಟು ಮೊದಲ ಎರಡು ವಾಕ್ಯಗಳಲ್ಲೇ ಬಿತ್ತು. ಎದುರಾಳಿ ಮೂರನೆಯದರಲ್ಲಿ ಬಂದ. ಬರೆದವಳು ಎಲ್ಲಿ ನಿಂತಿದ್ದಾಳೆ ಎಂಬುದು ನಾಲ್ಕನೆಯದರಲ್ಲಿ ತಿಳಿಯಿತು. ಇಷ್ಟಾದರೆ ಪೀಠಿಕೆ ಮುಗಿಯಿತು.

ಇನ್ನೊಂದು ಚಾಳಿ ದಿನಾಂಕದ್ದು. ಕಾಸರಗೋಡಿನ ಕನ್ನಡದ ಬಗ್ಗೆ ಏನೇ ಬರೆಯಲು ಕೊಡಿ, "1956ರ ನವೆಂಬರ್ 1ರಂದು..." ಎಂದೇ ಆರಂಭ. ಕಾಸರಗೋಡು ಕೇರಳಕ್ಕೆ ಸೇರಿದ ದಿನ ಅದು. ನಿಜವಾದ ಸಂಗತಿ, ನಮಗೆ ನೋವಿನದೂ ಹೌದು. ಆದರೆ ವಿಷಯ "ಕಚೇರಿಯ ಅರ್ಜಿಗಳು ಕನ್ನಡದಲ್ಲಿಯೂ ಇರಬೇಕೇ?" ಎಂದಾಗಿದ್ದರೆ, ಮಲಯಾಳದ ಅರ್ಜಿಯನ್ನು ತಿರುವುಮುರುವು ಹಿಡಿದು ಕೌಂಟರಿನ ಮುಂದೆ ನಿಂತ ಅಜ್ಜಿ ಮೊದಲು ಬರಲಿ. 1956 ಆಮೇಲೆ ಬಂದರೆ ಅದಕ್ಕೆ ಭಾರ ಹೆಚ್ಚು. ಪೀಠಿಕೆಯನ್ನು ಕೊನೆಗೆ ಬರೆಯಿರಿ ಎಂದೂ ಹೇಳುವುದುಂಟು. ಪರೀಕ್ಷೆಯಲ್ಲಿ ಅದಕ್ಕಾಗಿ ಮೇಲೆ ಆರು ಸಾಲು ಖಾಲಿ ಬಿಟ್ಟರಾಯಿತು.

ಉಪಸಂಹಾರವನ್ನು ಕಲಿಸುವುದು ಹೆಚ್ಚು ಕಷ್ಟ. ನಾನು ತಾಳಮದ್ದಳೆಯ, ಎಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಮೊರೆ ಹೋಗುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೀಠಿಕೆಯಲ್ಲೇ ಅರ್ಧ ರಾತ್ರಿ ಕಳೆಯುವ ಅರ್ಥಧಾರಿಗಳನ್ನೂ, ಎಂದರೆ ಪಾತ್ರವಾಗಿ ಮಾತಾಡುವವರನ್ನೂ, ಅವರು ಕಂಡಿದ್ದಾರೆ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ, ಮರೆಯಲ್ಲಿ ನಿಂತು ಏಕೆ ಹೊಡೆದೆ? ಮಾತಿಗೆ ಮಾತು ಬೆಳೆಯುತ್ತದೆ. ರಾಮನ ಉತ್ತರ ಕೇಳಿದ ಮೇಲೆ ವಾಲಿಯ ಕೊನೆಯ ಮಾತು ಏನು? ಅಂಗದನನ್ನು ನೋಡಿಕೊ ಎನ್ನುತ್ತಾನೆ. ಒಳ್ಳೆಯ ಅರ್ಥಧಾರಿ ಅಲ್ಲಿ ಪುನಃ ಮರೆಯ ಬಾಣವನ್ನು ಎತ್ತುವುದಿಲ್ಲ. ಒಪ್ಪಬೇಕಾದ್ದನ್ನು ಒಪ್ಪಿ, ಇನ್ನು ಮುಂದೆ ಯಾರು ಏನು ಮಾಡಬೇಕು ಎಂಬಲ್ಲಿಗೆ ಮಾತು ಸರಿದಿರುತ್ತದೆ. "ಒಟ್ಟಿನಲ್ಲಿ ಹೇಳುವುದಾದರೆ" ಎಂದು ಪೀಠಿಕೆಯನ್ನೇ ಮತ್ತೆ ನಕಲು ಮಾಡುವ ಮಕ್ಕಳಿಗೆ ನಾನು ತೋರಿಸುವುದು ಈ ಜಾಗವನ್ನು. ಹೊಸ ಸಾಕ್ಷಿ ತರುವ ಜಾಗವೂ ಅದಲ್ಲ, ತಂದರೆ ಚರ್ಚೆ ಮೊದಲಿನಿಂದ ಶುರುವಾಗುತ್ತದೆ.

ಬಾಯಾರಿನ ಹುಡುಗಿ "ಆದ್ದರಿಂದ ಹನಿ ನೀರನ್ನೂ ಉಳಿಸೋಣ" ಎಂಬುದನ್ನು ಹೊಡೆದುಹಾಕಿ ಬರೆದಳು: "ಕುಡಿಯಲು ಕೊಡಪಾನ ನೀರಿಲ್ಲದೆ ಕೊರೆಸುವವರೊಂದಿಗೆ ನನಗೆ ಜಗಳವಿಲ್ಲ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ತಿರುಗಿಸಲು ಕೊರೆಸುವವರು ಮೊದಲು ಗುಡ್ಡದಲ್ಲಿ ಇಂಗುಗುಂಡಿ ತೋಡಿ ಎರಡು ಮಳೆಗಾಲ ಕಾಯಲಿ."

"ಎರಡು ಏಕೆ? ಒಂದು ಸಾಲದೇ?" ಎಂದೆ.

"ಒಂದೇ ಮಳೆಗಾಲ ನೋಡಿದರೆ, ನೀರು ಹೆಚ್ಚಾದದ್ದು ಗುಂಡಿಯಿಂದಲೋ ಆ ವರ್ಷದ ಮಳೆಯಿಂದಲೋ ಗೊತ್ತಾಗುವುದಿಲ್ಲವಲ್ಲ ಟೀಚರೇ."

ಅದನ್ನೂ ಬರೆ ಎಂದೆ. ಪುಟದಲ್ಲಿ ಜಾಗ ಮುಗಿದಿತ್ತು. ಅಂಚಿನಲ್ಲಿ, ಕಾಗದವನ್ನು ಅಡ್ಡ ತಿರುಗಿಸಿ ಬರೆದಳು.