ಕಾಂಕಿಯ ನೆಟ್‌ವರ್ಕ್ ಸಾಲು ಯಾಕೆ ಸೊನ್ನೆ ತೋರಿಸುತ್ತದೆ?

ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ ನನ್ನ ಹಳೆಯ ಕಾಂಕಿ ಸೆಟ್ಟಿಂಗ್ (ಕಾನ್ಫಿಗ್) ಫೈಲನ್ನು ಹಾಗೇ ಕಾಪಿ ಮಾಡಿಕೊಂಡೆ. ಕಾಂಕಿ ಅಂದರೆ ಕಂಪ್ಯೂಟರ್‌ನ ಸ್ಥಿತಿಗತಿಯನ್ನು ಡೆಸ್ಕ್‌ಟಾಪ್ ಮೇಲೇ ತೋರಿಸುವ ಪುಟ್ಟ ಪ್ರೋಗ್ರಾಂ. ಗಡಿಯಾರ ಬಂತು, ಸಿಪಿಯು ಗ್ರಾಫ್ ಬಂತು, ಮೆಮೊರಿ ಲೆಕ್ಕವೂ ಬಂತು. ನೆಟ್‌ವರ್ಕ್ ಸಾಲಿನಲ್ಲಿ ಮಾತ್ರ ಸೊನ್ನೆ. ಅದೇ ಹೊತ್ತಿಗೆ ಬ್ರೌಸರ್‌ನಲ್ಲಿ ದೊಡ್ಡ ಫೈಲೊಂದು ಭರ್ತಿ ವೇಗದಲ್ಲಿ ಇಳಿಯುತ್ತಿತ್ತು. ಆದರೂ ಸೊನ್ನೆ ಕದಲಲಿಲ್ಲ.

ಕಾಂಕಿ ಬಳಸುವ ತುಂಬಾ ಜನ ಈ ಸೊನ್ನೆಯನ್ನು ನೋಡಿರುತ್ತಾರೆ. ಕಾಂಕಿ ಕೆಟ್ಟಿದೆ ಅಂತ ತೆಗೆದುಹಾಕಿದವರೂ ಇದ್ದಾರೆ. ನಿಜ ಹೇಳಬೇಕೆಂದರೆ ಕಾಂಕಿ ಸರಿಯಾಗೇ ಇರುತ್ತದೆ. ಅದು ಹುಡುಕುತ್ತಿರುವ ನೆಟ್‌ವರ್ಕ್ ಕಾರ್ಡಿನ ಹೆಸರು ಆ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ, ಅಷ್ಟೇ. ಆ ಹೆಸರು ಎಲ್ಲಿಗೆ ಹೋಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಈ ಅಂಕಿ ಹೇಗೆ ಹುಟ್ಟುತ್ತದೆ ನೋಡೋಣ. ಲಿನಕ್ಸ್‌ನ ತಿರುಳಾದ ಕರ್ನಲ್ ‘/ಪ್ರೊಕ್/ನೆಟ್/ಡೆವ್’ ಅನ್ನುವ ಫೈಲಿನಲ್ಲಿ ಪ್ರತಿ ನೆಟ್‌ವರ್ಕ್ ಇಂಟರ್‌ಫೇಸಿಗೂ (ಅಂದರೆ ಕೇಬಲ್, ವೈಫೈ ತರಹ ಡೇಟಾ ಹೋಗಿಬರುವ ಪ್ರತಿ ದಾರಿಗೂ) ಒಂದೊಂದು ಸಾಲು ಇಡುತ್ತದೆ. ಮೊದಲು ಹೆಸರು, ಆಮೇಲೆ 16 ಅಂಕಿಗಳು. ಮೊದಲ 8 ಒಳಗೆ ಬಂದದ್ದರ ಲೆಕ್ಕ, ಉಳಿದ 8 ಹೊರಗೆ ಹೋದದ್ದರದು. ಇದರಲ್ಲಿ ವೇಗ ಎಲ್ಲೂ ಇಲ್ಲ! ಕರೆಂಟ್ ಮೀಟರಿನ ಹಾಗೆ ಒಟ್ಟು ಎಷ್ಟು ಬೈಟ್ ಆಯಿತು ಅಂತ ಏರುತ್ತಾ ಹೋಗುತ್ತದೆ, ಅಷ್ಟೇ. ಈಗ 50 ಲಕ್ಷ ಬೈಟ್ ಇದ್ದು, 2 ಸೆಕೆಂಡ್ ಬಿಟ್ಟು ಓದಿದಾಗ 70 ಲಕ್ಷ ಆಗಿದೆ ಅಂದುಕೊಳ್ಳಿ. ವ್ಯತ್ಯಾಸ 20 ಲಕ್ಷ. ಎರಡರಿಂದ ಭಾಗಿಸಿದರೆ ಸೆಕೆಂಡಿಗೆ 10 ಲಕ್ಷ ಬೈಟ್. 1024 ಬೈಟ್‌ಗೆ ಒಂದು ಕಿಬಿಬೈಟ್ ಅನ್ನುವ ಲೆಕ್ಕದಲ್ಲಿ ಸುಮಾರು 977 ಕಿಬಿಬೈಟ್. ಡೆಸ್ಕ್‌ಟಾಪ್ ಮೇಲೆ ಕುಣಿಯುವ ಅಂಕಿ ಈ ಕಳೆಯುವ ಲೆಕ್ಕದಿಂದಲೇ ಬರುತ್ತದೆ. ನನಗೆ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು. ಯಾವ ಗುಟ್ಟೂ ಇಲ್ಲ, ಯಾರು ಬೇಕಾದರೂ ಆ ಫೈಲನ್ನು ತೆರೆದು ನೋಡಬಹುದು.

ಆದರೆ ಯಾವ ಸಾಲನ್ನು ಓದಬೇಕು ಅಂತ ಕಾಂಕಿಗೆ ನಾವು ಹೇಳಬೇಕು. ಗೊಂದಲ ಶುರುವಾಗುವುದೇ ಇಲ್ಲಿ.

ಕಾಂಕಿ ಹುಟ್ಟಿದ್ದು 2005ರಲ್ಲಿ, ಟಾರ್ಸ್ಮೊ ಅನ್ನುವ ಇಂಥದೇ ಹಳೆಯ ಪ್ರೋಗ್ರಾಂನಿಂದ ಕವಲೊಡೆದು. ಆ ಕಾಲದಲ್ಲಿ ಕೇಬಲ್ ಕಾರ್ಡ್ ಅಂದರೆ ‘ಈತ್0’, ವೈಫೈ ಅಂದರೆ ಸಾಮಾನ್ಯವಾಗಿ ‘ಡಬ್ಲ್ಯುಲ್ಯಾನ್0’. ಜನ ಹಂಚಿಕೊಂಡ ಕಾನ್ಫಿಗ್ ಫೈಲುಗಳಲ್ಲೆಲ್ಲ ಈ ಎರಡು ಹೆಸರುಗಳೇ. ಒಂದೇ ಕಾರ್ಡ್ ಇರುವ ಮನೆ ಕಂಪ್ಯೂಟರ್‌ಗೆ ಅದು ಸಾಕಾಗಿತ್ತು.

ತೊಂದರೆ ಆಗಿದ್ದು ಎರಡು, ಮೂರು ಕಾರ್ಡ್ ಇರುವ ಸರ್ವರ್‌ಗಳಲ್ಲಿ. ಕರ್ನಲ್ ಯಾವ ಕಾರ್ಡನ್ನು ಮೊದಲು ಕಂಡರೆ ಅದಕ್ಕೆ 0, ಆಮೇಲಿನದಕ್ಕೆ 1 ಅಂತ ಹೆಸರಿಡುತ್ತಿತ್ತು. ಒಂದು ರೀಬೂಟ್ ಆದರೆ ಈ ಸರದಿ ಅದಲುಬದಲಾಗಬಹುದಿತ್ತು. ಹೊರಗಿನ ಜಗತ್ತಿಗೆ ಅಂತ ಬರೆದ ಫೈರ್‌ವಾಲ್ ನಿಯಮ ಒಳಗಿನ ಕಾರ್ಡಿಗೆ ಅಂಟಿಕೊಂಡರೆ ಏನಾಗಬೇಡ? ಕಾರ್ಡಿನ ಮ್ಯಾಕ್ ವಿಳಾಸ (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಹೆಸರು ಕಾಯಲು, ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಅನ್ನುವ ಲಿನಕ್ಸ್ ಪ್ರೋಗ್ರಾಂ ಪ್ರಯತ್ನಿಸಿತು. ಅದೂ ಪೂರ್ತಿ ಕೈಹಿಡಿಯಲಿಲ್ಲ. 2011ರಲ್ಲಿ ಫೆಡೋರಾ 15 ಅನ್ನುವ ಲಿನಕ್ಸ್ ಆವೃತ್ತಿ ‘ಇಎಮ್1’ ತರಹದ ಹೆಸರುಗಳನ್ನು ತಂದಿತು. ಕೊನೆಗೆ 2013ರ ಜನವರಿಯಲ್ಲಿ ಬಂದ ಸಿಸ್ಟಮ್‌ಡಿ 197 (ಲಿನಕ್ಸ್ ಶುರುವಾಗುವಾಗ ಎಲ್ಲವನ್ನೂ ಚಾಲೂ ಮಾಡುವ ಪ್ರೋಗ್ರಾಂನ ಆವೃತ್ತಿ) ಹೊಸ ಪದ್ಧತಿ ಹಾಕಿಕೊಟ್ಟಿತು. ಕಾರ್ಡ್ ಕೂತಿರುವ ಜಾಗವೇ ಅದರ ಹೆಸರು. ‘ಇಎನ್‌ಪಿ3ಎಸ್0’ ಅಂದರೆ ಈಥರ್ನೆಟ್, 3ನೇ ಪಿಸಿಐ ಬಸ್ (ಕಾರ್ಡುಗಳನ್ನು ಜೋಡಿಸುವ ಹಾದಿ), 0ನೇ ಸ್ಲಾಟ್. ವೈಫೈ ಆದರೆ ಶುರುವಿನಲ್ಲಿ ‘ಡಬ್ಲ್ಯುಎಲ್’.

ಬಾಯಲ್ಲಿ ಹೇಳಲು ಕಷ್ಟದ ಹೆಸರುಗಳು, ಒಪ್ಪುತ್ತೇನೆ. ಆದರೂ ನನ್ನ ಪ್ರಕಾರ ಮಾಡಿದ್ದು ಸರಿಯೇ. ಸರ್ವರ್ ನೋಡಿಕೊಳ್ಳುವವರ ನಿದ್ದೆಗಿಂತ ನನ್ನ ಕಾಂಕಿಯ ಸಾಲು ದೊಡ್ಡದಲ್ಲ. ಬೇಜಾರು ಒಂದೇ. ಹಳೆಯ ಕಾನ್ಫಿಗ್‌ಗಳು ಇವತ್ತಿಗೂ ಕೈಯಿಂದ ಕೈಗೆ ದಾಟುತ್ತಲೇ ಇವೆ, ಹೊಸಬರು ಅವನ್ನು ಹಾಕಿಕೊಂಡು ಸೊನ್ನೆ ನೋಡುತ್ತಾ ಕೂರುತ್ತಾರೆ.

ಸರಿಪಡಿಸುವುದು ಸುಲಭ. ಟರ್ಮಿನಲ್‌ನಲ್ಲಿ ‘ಐಪಿ ಲಿಂಕ್’ ಕೊಟ್ಟರೆ ಇಂಟರ್‌ಫೇಸ್‌ಗಳ ಹೆಸರು ಕಾಣುತ್ತದೆ. ಮೊದಲನೆಯದು ‘ಎಲ್‌ಒ’, ಅದು ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವ ದಾರಿ, ಬಿಟ್ಟುಬಿಡಿ. ನಿಮ್ಮ ಕಾರ್ಡಿನ ಹೆಸರನ್ನು ಕಾನ್ಫಿಗ್‌ನ ‘ಡೌನ್‌ಸ್ಪೀಡ್’, ‘ಅಪ್‌ಸ್ಪೀಡ್’ ಪಕ್ಕದಲ್ಲಿ ಹಾಕಿ. ಹಾಂ, 2015ರ 1.10 ಆವೃತ್ತಿಯಿಂದ ಕಾಂಕಿ ಫೈಲಿನ ರೂಪ ಲುವಾ ಭಾಷೆಗೆ ಬದಲಾಗಿದೆ. ಹಳೆಯ ಫೈಲಾದರೆ ಅದನ್ನೂ ಬದಲಿಸಿಕೊಳ್ಳಿ.

ಡೇಟಾವನ್ನು ಗೂಢಲಿಪಿ ಮಾಡಿ ಕಳಿಸುವ ವಿಪಿಎನ್ ಹಾಕಿದಾಗ ಇನ್ನೊಂದು ತಮಾಷೆ ಕಾಣುತ್ತದೆ. ‘ಟನ್0’ ತರಹದ ಹೆಸರಿನ ಹೊಸ ಇಂಟರ್‌ಫೇಸ್ ಬರುತ್ತದೆ. ಅದರಲ್ಲಿ ಹೋದ ಡೇಟಾ ಗೂಢಲಿಪಿಯಾಗಿ ವೈಫೈ ಕಾರ್ಡಿನಲ್ಲೂ ಹೋಗುತ್ತದೆ. ಎಲ್ಲವನ್ನೂ ಕೂಡಿಸಿದರೆ ಒಂದೇ ಡೇಟಾ ಎರಡು ಸಲ ಲೆಕ್ಕಕ್ಕೆ ಸಿಗುತ್ತದೆ. ಒಟ್ಟು ಬಳಕೆ ಬೇಕಿದ್ದರೆ ನಿಜವಾದ ಕಾರ್ಡನ್ನು ಮಾತ್ರ ನೋಡಿ.

ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ ಕಾಂಕಿಗೆ ಬೇರೆಯೇ ಕಷ್ಟ ಎದುರಾಯಿತು. ಮೊದಲು ಎಕ್ಸ್‌ನ ರೂಟ್ ವಿಂಡೋ (ಎಲ್ಲಕ್ಕಿಂತ ಹಿಂದಿರುವ ವಿಂಡೋ) ಮೇಲೆ ಚಿತ್ರ ಬಿಡಿಸುತ್ತಿತ್ತು, ವೇಲ್ಯಾಂಡ್‌ನಲ್ಲಿ ಅಂಥ ವಿಂಡೋ ಇಲ್ಲ. ಹೊಸ ಆವೃತ್ತಿಗಳು ವೇಲ್ಯಾಂಡ್‌ಗೂ ಒಗ್ಗಿಕೊಳ್ಳುತ್ತಿವೆ. ನೆಟ್‌ವರ್ಕ್ ಲೆಕ್ಕಕ್ಕೆ ಇದರಿಂದ ಏನೂ ಆಗಲಿಲ್ಲ.

ಈಗ ನನ್ನ ಫೈಲಿನಲ್ಲಿ ‘ಇಫ್_ಅಪ್’ (ಇಂಟರ್‌ಫೇಸ್ ಚಾಲೂ ಇದ್ದರೆ ಮಾತ್ರ ತೋರಿಸು ಅನ್ನುವ ಷರತ್ತು) ಹಾಕಿ ಎರಡು ಸಾಲು ಬರೆದಿದ್ದೇನೆ, ಕೇಬಲ್‌ಗೆ ಒಂದು, ವೈಫೈಗೆ ಒಂದು. ಸುಮ್ನೆ ಹಾಗೇ ಬಿಟ್ಟರೆ ಕೇಬಲ್ ಇಲ್ಲದಿದ್ದರೂ ಕಾರ್ಡ್ ಆನ್ ಇದ್ದರೆ ಸಾಕು, ಸಾಲು ಕಾಣಿಸುತ್ತದೆ. ಅದಕ್ಕೆ ಆ ಷರತ್ತು ಎಷ್ಟು ಬಿಗಿ ಅಂತ ಹೇಳುವ ‘ಇಫ್_ಅಪ್_ಸ್ಟ್ರಿಕ್ಟ್‌ನೆಸ್’ ಅನ್ನು ‘ಅಡ್ರೆಸ್’ಗೆ ಇಟ್ಟೆ. ಐಪಿ ವಿಳಾಸ ಸಿಕ್ಕಿದ್ದರೆ ಮಾತ್ರ ಆ ಸಾಲು ಬರುತ್ತದೆ. ಕೇಬಲ್ ಕಿತ್ತರೆ ಮೇಲಿನ ಸಾಲು ಮಾಯವಾಗುತ್ತದೆ, ವೈಫೈ ಸಿಕ್ಕ ಕೂಡಲೇ ಕೆಳಗಿನದು ಮೂಡಿ ಅಂಕಿಗಳು ಓಡಲು ಶುರು ಮಾಡುತ್ತವೆ.