ಡೆತ್ ಮೆಟಲ್‌ಗೆ ಲೆಕ್ಕ ಹಿಡಿಸಿದ ಹಾಡು

ಕುಂಬಳೆ ಕಡೆ ಯಕ್ಷಗಾನದ ಆಟ ಇದ್ದ ದಿನ ಸಂಜೆ, ಆಟ ಉಂಟೆಂದು ಸಾರಲು ‘ಕೇಳಿ’ ಬಡಿಯುತ್ತಾರಲ್ಲ, ತೋಟದಾಚೆಯಿಂದ ಚೆಂಡೆ ಮೊದಲು ಸಣ್ಣಗೆ ಬಂದು, ಗಾಳಿ ತಿರುಗಿದ ಹಾಗೆ ಜೋರಾಗುತ್ತಾ ಹೋಗುತ್ತದೆ. ‘ಫ್ಲ್ಯಾಟನಿಂಗ್ ಆಫ್ ಇಮೋಷನ್ಸ್’ ಶುರುವಾಗುವುದೂ ಹಾಗೆಯೇ. ಬರೀ ಡ್ರಮ್, ದೂರದಿಂದ ಉರುಳಿಕೊಂಡು ಹತ್ತಿರ ಬರುತ್ತದೆ. ರಾಕ್ ಸಂಗೀತದಲ್ಲೇ ಗಂಟಲು ಗೊಗ್ಗರಿಸಿ ಹಾಡುವ ಅಬ್ಬರದ ಬಗೆ ಡೆತ್ ಮೆಟಲ್; ಅದನ್ನು ನುಡಿಸುವ ಅಮೆರಿಕದ ಫ್ಲಾರಿಡಾದ ‘ಡೆತ್’ ತಂಡ 1991ರಲ್ಲಿ ತಂದ ‘ಹ್ಯೂಮನ್’ ಆಲ್ಬಮ್‌ನ ಮೊದಲ ಹಾಡು ಇದು.

ಚೆಂಡೆ ಬಾರಿಸುವ ನನ್ನ ದೊಡ್ಡಪ್ಪನಿಗೆ ಒಮ್ಮೆ ಇಯರ್‌ಫೋನ್ ಕೊಟ್ಟು ಕೇಳಿಸಿದೆ. ಬೆರಳು ಮಡಚುತ್ತಾ ಸ್ವಲ್ಪ ಹೊತ್ತು ಕೂತವರು, “ಲೆಕ್ಕ ಉಂಟು ಮಾರಾಯ. ಭಾಗವತರಿಗೆ ಮಾತ್ರ ಗಂಟಲು ಹೋಗಿದೆ” ಅಂದರು. ಇಷ್ಟು ಚೆನ್ನಾದ ವಿಮರ್ಶೆ ನಾನು ಬೇರೆ ಎಲ್ಲೂ ಕೇಳಿಲ್ಲ.

ಈ ತಾಳದ ಲೆಕ್ಕ ಬಂದದ್ದು ಒಂದು ಜಗಳದಿಂದ. ಡೆತ್ ಅಂದರೆ ಹಾಡಿ ಗಿಟಾರ್ ನುಡಿಸುತ್ತಿದ್ದ ಚಕ್ ಶುಲ್ಡಿನರ್. 1987ರ ಮೊದಲ ಆಲ್ಬಮ್‌ನಲ್ಲಿ ಹೆಣ, ರಕ್ತ, ವೇಗ ಇಷ್ಟೇ ಇತ್ತು. 1990ರಲ್ಲಿ ಯೂರೋಪ್ ಪ್ರವಾಸಕ್ಕೆ ಚಕ್ ಹೋಗಲಿಲ್ಲ, ಉಳಿದವರು ಡೆತ್ ಹೆಸರಲ್ಲೇ ಹೋಗಿ ಕಾರ್ಯಕ್ರಮ ಕೊಟ್ಟು ಬಂದರು. ಅಲ್ಲಿಗೆ ಆ ಜೊತೆ ಮುಗಿಯಿತು. ಚಕ್ ಆಮೇಲೆ ಕರೆದದ್ದು ಮಯಾಮಿಯ ಸಿನಿಕ್ ತಂಡದ ಇಬ್ಬರು ಹುಡುಗರನ್ನು: ಡ್ರಮ್ಮಿಗೆ ಶಾನ್ ರೈನರ್ಟ್, ಗಿಟಾರಿಗೆ ಪಾಲ್ ಮಾಸ್ವಿಡಾಲ್. ಇಬ್ಬರಿಗೂ ಆಗ ಇಪ್ಪತ್ತರ ಆಸುಪಾಸು, ತಲೆ ತುಂಬಾ ಜಾಜ್‌ಗೆ ರಾಕ್ ಬೆರೆಸಿದ ಜಾಜ್ ಫ್ಯೂಷನ್. ಬಾಸ್‌ಗೆ, ಅಂದರೆ ಕೆಳಸ್ವರದ ಗಿಟಾರಿಗೆ, ಸ್ಟೀವ್ ಡಿಜಾರ್ಜಿಯೊ. 

ರೈನರ್ಟ್ ಎರಡೂ ಕಾಲಲ್ಲಿ ಬಾಸ್ ಡ್ರಮ್ ಉರುಳಿಸುತ್ತಲೇ ಮೇಲೆ ಕೈಯಲ್ಲಿ ಬೇರೆಯೇ ಮಾತಾಡುತ್ತಾರೆ. ಗಿಟಾರ್ ಒಂದು ಕಡೆ ಎಳೆದರೆ ಡ್ರಮ್ ಸುಮ್ನೆ ಹಿಂದೆ ಹೋಗುವುದಿಲ್ಲ, ತಿರುಗಿ ಉತ್ತರ ಕೊಡುತ್ತದೆ, ಪೆಟ್ಟು ನಾವು ಕಾದ ಜಾಗ ಬಿಟ್ಟು ಪಕ್ಕದಲ್ಲಿ ಬೀಳುತ್ತದೆ, ಆದರೂ ತಾಳ ತಪ್ಪುವುದಿಲ್ಲ. ವೇಗವಾಗಿ ಬಡಿಯುವವರು ಆಗಲೂ ಬೇಕಾದಷ್ಟು ಜನ ಇದ್ದರು. ಇವರದು ಬೇರೆ ಕಸುಬು.

ಇದೊಂದೇ ಹಾಡು ಎಲ್ಲ ಮಾಡಿತು ಅಂದರೆ ಸುಳ್ಳಾದೀತು. ‘ಹ್ಯೂಮನ್’ ಧ್ವನಿಮುದ್ರಣ ಆದ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೊದಲ್ಲೇ ಅದೇ ವರ್ಷ ಏಥಿಯಿಸ್ಟ್ ತಂಡವೂ ಇಂಥದ್ದೇ ಸಿಕ್ಕುಸಿಕ್ಕಾದ ಆಲ್ಬಮ್ ಮಾಡಿತು. ಅದರಲ್ಲಿ ಬಾಸ್ ನುಡಿಸಿದ ಟೋನಿ ಚಾಯ್ ಕೂಡ ಸಿನಿಕ್ ಕಡೆಯವರೇ. ಆದರೆ ಡೆತ್ ಹೆಸರು ದೊಡ್ಡದು, ಹಾಗಾಗಿ ಈ ದಾರಿ ಜಾಸ್ತಿ ಕಿವಿಗೆ ಬಿದ್ದದ್ದು ಅವರಿಂದ. ರೈನರ್ಟ್, ಮಾಸ್ವಿಡಾಲ್ ಸಿನಿಕ್‌ಗೆ ವಾಪಸಾಗಿ 1993ರಲ್ಲಿ ‘ಫೋಕಸ್’ ತಂದರು. 2009ರ ಹೊತ್ತಿಗೆ ಜರ್ಮನಿಯ ಅಬ್ಸ್ಕ್ಯೂರಾ ತಂಡದ ‘ಕಾಸ್ಮೊಜೆನೆಸಿಸ್’ ಆಲ್ಬಮ್‌ನಲ್ಲೂ ಇದೇ ದಾರಿ ಕೇಳುತ್ತದೆ.

ತಮಾಷೆ ಅಂದರೆ ‘ಹ್ಯೂಮನ್’ನ ಬಾಸ್ 1991ರ ಮಿಕ್ಸಿಂಗ್‌ನಲ್ಲಿ, ಅಂದರೆ ವಾದ್ಯಗಳ ಸದ್ದು ಬೆರೆಸಿ ಹದ ಮಾಡಿದ್ದರಲ್ಲಿ, ಸರಿಯಾಗಿ ಕೇಳುವುದೇ ಇಲ್ಲ. 2011ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದಾಗಲೇ ಅದು ಮೇಲೆ ಬಂತು. ಚಕ್ ಅದನ್ನು ಕೇಳಲಿಲ್ಲ. ಮೆದುಳಿನ ಗೆಡ್ಡೆಯಿಂದ 2001ರ ಡಿಸೆಂಬರ್‌ನಲ್ಲಿ, 34ನೇ ವಯಸ್ಸಿಗೇ ತೀರಿಹೋದರು. ರೈನರ್ಟ್ 2020ರಲ್ಲಿ ಹೋದರು.

ದೊಡ್ಡಪ್ಪನಿಗೆ ನಾನು ಕೇಳಿಸಿದ್ದು ಹೊಸ ಮಿಕ್ಸ್. ಪೂರ್ತಿ ಕೇಳಿ ಮುಗಿಸಿ, “ಆ ಸುರುವಿನದ್ದು ಇನ್ನೊಮ್ಮೆ ಹಾಕು” ಅಂದರು.