ವಿನಾಯಿತಿ ಕೋವಿ ಇದೆ, ಹಾಗಾದ್ರೆ ಗದ್ದೆಗೆ ಬಂದ ಹಂದಿಗೆ ಹೊಡೀಬಹುದಾ?

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗು. ಮನೇಲಿ ಅಜ್ಜನ ಕಾಲದ ಜೋಡಿನಳಿಗೆ ಕೋವಿ ಇದೆ, ವಿನಾಯಿತಿ ಪತ್ರನೂ ಸರಿಯಾಗಿದೆ. ಗದ್ದೆಗೆ ದಿನಾ ರಾತ್ರಿ ಹಂದಿ ಹಿಂಡು ಬರುತ್ತೆ. ಲೈಸೆನ್ಸೇ ಬೇಡ ಅಂತ ಸರ್ಕಾರನೇ ಹೇಳಿರುವಾಗ ನಮ್ಮ ಜಾಗದೊಳಗೆ ಬಂದ ಹಂದಿಗೆ ಹೊಡೆದ್ರೆ ತಪ್ಪೇನು? ಶೂಟಿಂಗ್ ಕ್ಲಬ್‌ನವರು ನೀವೇ ಕೋವಿ ಹಿಡ್ಕೊಂಡು ಪ್ರಾಣಿ ಉಳಿಸಿ ಅಂತೀರಲ್ಲ, ಅದು ಹೇಗೆ?

ಉತ್ತರ: ಹೊಡೆಯೋ ಹಾಗಿಲ್ಲ. ನಿಮ್ಮ ಗದ್ದೆಯೇ ಆಗಿರಲಿ, ಹಂದಿ ಬೆಳೆ ಮಧ್ಯದಲ್ಲೇ ನಿಂತಿರಲಿ, ಕೈಯಲ್ಲಿ ಲಿಖಿತ ಆದೇಶ ಇಲ್ಲದೆ ಹೊಡೆದ್ರೆ ಅದು ಬೇಟೆ, ಕೇಸ್ ಆಗುತ್ತೆ. ನಮ್ಮ ಕ್ಲಬ್‌ಗೆ ಹೊಸದಾಗಿ ಸೇರೋಕೆ ಬರೋ ಹತ್ತು ಜನದಲ್ಲಿ ಏಳೆಂಟು ಜನ ಇದನ್ನೇ ಕೇಳ್ತಾರೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದ್ದೀನಿ.

ಮೊದಲು ಈ ವಿನಾಯಿತಿ ಅಂದ್ರೆ ಏನು ಅಂತ ನೋಡೋಣ. 1857ರ ದಂಗೆ ಆದ್ಮೇಲೆ ಬ್ರಿಟಿಷರು ಊರೂರಲ್ಲಿ ಜನರ ಹತ್ರ ಇದ್ದ ಆಯುಧ ಕಿತ್ಕೊಳ್ತಾ ಬಂದ್ರು, ಆಗ ಚೀಫ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನ ಆಯುಧ ಕಿತ್ಕೊಳ್ಳೋ ಕಾಯ್ದೆಯಿಂದ ಹೊರಗಿಟ್ಟ. ಸ್ವಾತಂತ್ರ್ಯ ಬಂದ್ಮೇಲೆ 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಅದೇ ವಿನಾಯಿತಿ ಮುಂದುವರೀತು, ಕೊಡವರಿಗೂ ಸಿಗುತ್ತೆ, ಜಮ್ಮಾ ಭೂಮಿ, ಅಂದ್ರೆ ಕೊಡಗಲ್ಲಿ ತಲೆಮಾರಿಂದ ಬಂದ ಹಿಡುವಳಿ, ಇರೋರಿಗೂ ಸಿಗುತ್ತೆ. ಈಗ ಇರೋದು 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಅಧಿಸೂಚನೆ, 2029ರ ಅಕ್ಟೋಬರ್ 31ರವರೆಗೆ ನಡೆಯುತ್ತೆ. ಇದನ್ನ ಪ್ರಶ್ನೆ ಮಾಡಿ ಹೈಕೋರ್ಟಿಗೆ ಹೋದಾಗ 2021ರಲ್ಲಿ ಕೋರ್ಟು ವಿನಾಯಿತಿನ ಎತ್ತಿ ಹಿಡೀತು.

ಆದ್ರೆ ಇಷ್ಟೂ ಆಯುಧ ಕಾಯ್ದೆ ಕಥೆ ಮಾತ್ರ. ಕೋವಿ ಮನೇಲಿ ಇಟ್ಕೊಳ್ಳೋಕೆ ಬೇರೆಯವರ ಥರ ಲೈಸೆನ್ಸ್ ಬೇಡ, ಅಷ್ಟೇ. ಆ ಕೋವಿಯಿಂದ ಯಾವುದಕ್ಕೆ ಗುರಿ ಇಡಬಹುದು ಅನ್ನೋದನ್ನ ಹೇಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರಲ್ಲಿ ಕೊಡವರಿಗಾಗಲಿ ಜಮ್ಮಾದವರಿಗಾಗಲಿ ಒಂದು ಅಕ್ಷರದ ವಿನಾಯಿತಿನೂ ಇಲ್ಲ. ಇನ್ನೊಂದು ವಿಷ್ಯ, ತುಂಬಾ ಜನಕ್ಕೆ ಗೊತ್ತೇ ಇಲ್ಲ: ಆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸ ಇರೋ, ಆಯುಧ ಇಟ್ಕೊಂಡಿರೋ ಪ್ರತಿಯೊಬ್ಬರೂ ಅರಣ್ಯ ಇಲಾಖೇಲಿ ಹೆಸರು ನೋಂದಾಯಿಸ್ಬೇಕು, ಲೈಸೆನ್ಸ್ ಇರೋರು ಅಷ್ಟೇ ಅಲ್ಲ ವಿನಾಯಿತಿ ಇರೋರೂ ಅಂತ ಬಿಡಿಸಿ ಬರೆದಿದ್ದಾರೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ, ಈ ಕಡೆ ನಾಗರಹೊಳೆ, ಲೆಕ್ಕ ಹಾಕಿ ನೋಡಿ, ನಮ್ಮ ಎಷ್ಟು ಊರು ಆ 10 ಕಿಲೋಮೀಟರ್ ಒಳಗೆ ಬರುತ್ತೆ ಅಂತ.

ಈಗ ಹಂದಿ ವಿಷ್ಯಕ್ಕೆ ಬರ್ತೀನಿ. 2022ರ ತಿದ್ದುಪಡಿ ಆದ್ಮೇಲೆ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಅಂದ್ರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ಬೆಳೆ ಹಾಳು ಮಾಡೋ ಅಂಥ ಪ್ರಾಣಿನ ಕೊಲ್ಲೋಕೆ 11ನೇ ಸೆಕ್ಷನ್‌ನಲ್ಲಿ ದಾರಿ ಇದೆ, ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ಆ ಆದೇಶನ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟಿರೋ ಅಧಿಕಾರಿ ಕಾರಣ ಬರೆದು ಲಿಖಿತವಾಗಿ ಕೊಡ್ಬೇಕು. ಬಾಯಿಮಾತಲ್ಲಿ ಗಾರ್ಡ್ ಹೂಂ ಅಂದ್ರು ಅನ್ನೋದು ನಡೆಯಲ್ಲ. ಆನೆ, ಚಿರತೆ, ಕಾಟಿ (ಕಾಡುಕೋಣ) ಇವೆಲ್ಲ ಮೊದಲನೇ ಅನುಸೂಚಿ, ಅವಕ್ಕೆ ಬೆಳೆನಷ್ಟ ಅನ್ನೋ ಕಾರಣನೇ ಸಾಲಲ್ಲ, ಮನುಷ್ಯನ ಜೀವಕ್ಕೆ ಅಪಾಯ ಇರ್ಬೇಕು, ಇಲ್ಲಾಂದ್ರೆ ಆ ಪ್ರಾಣಿನೇ ವಾಸಿಯಾಗದ ಹಾಗೆ ಗಾಯ ಆಗಿರ್ಬೇಕು ಅಥವಾ ಕಾಯಿಲೆ ಬಿದ್ದಿರ್ಬೇಕು. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸ್ಕೊಳ್ಳೋಕೆ ಹೊಡೆದ್ರೆ ಅಪರಾಧ ಅಲ್ಲ, ಆದ್ರೆ ಬೇಟೆಗೆ ಅಂತ ಹೋಗಿ ಆಮೇಲೆ ಆತ್ಮರಕ್ಷಣೆ ಅಂದ್ರೆ ಕಾಯ್ದೆ ಒಪ್ಪಲ್ಲ. ಸತ್ತ ಪ್ರಾಣಿ ಸರ್ಕಾರದ್ದು, ಮಾಂಸ ಮನೆಗೆ ತಂದ್ರೆ ಅದು ಬೇರೆ ಅಪರಾಧ. ಉರುಲು ಹಾಕೋದು, ವಿಷ ಇಡೋದು, ಹೊಡೆಯೋಕೆ ಪ್ರಯತ್ನ ಮಾಡೋದು, ಇದೆಲ್ಲಾ ಕೂಡ ಕಾಯ್ದೆ ಲೆಕ್ಕದಲ್ಲಿ ಬೇಟೆನೇ.

ಪಕ್ಕದ ಕೇರಳದಲ್ಲಿ ಹೊಡೀತಾರಲ್ಲ ಅಂತ ಕುಟ್ಟ ಕಡೆಯವರು ಕೇಳ್ತಾರೆ. ಅಲ್ಲಿ 2022ರಲ್ಲಿ ಸರ್ಕಾರ ಇದೇ ಕಾಯ್ದೆ ಕೆಳಗೆ ಪಂಚಾಯ್ತಿ ಮುಖ್ಯಸ್ಥರಿಗೆ ಆದೇಶ ಕೊಡೋ ಅಧಿಕಾರ ಕೊಟ್ಟಿದೆ, ಹೊಡೆಯೋರೂ ಪಟ್ಟಿಯಲ್ಲಿರೋ ಶೂಟರ್‌ಗಳೇ. ಆ ಆದೇಶ ಗಡಿ ದಾಟಿ ನಮ್ಮ ಗದ್ದೆಗೆ ಬರಲ್ಲ.

ಶಿಕ್ಷೆ ಏನು ಅಂತನೂ ಕೇಳ್ತಾರೆ. ಹಂದಿ ಕೇಸಲ್ಲಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲಾಂದ್ರೆ ಎರಡೂ. ಮೊದಲನೇ ಅನುಸೂಚಿ ಪ್ರಾಣಿ ಆದ್ರೆ ಕಮ್ಮಿ ಅಂದ್ರೂ 3 ವರ್ಷ, 7 ವರ್ಷದವರೆಗೆ ಹೋಗ್ಬಹುದು.

ನನಗೆ ಶಿಕ್ಷೆಗಿಂತ ಹೆಚ್ಚು ಭಯ ಇರೋದು ಕತ್ತಲೆ ಬಗ್ಗೆ. ಕಾಫಿ ತೋಟದೊಳಗೆ ರಾತ್ರಿ ಗಿಡ ಅಲ್ಲಾಡಿದ್ರೆ ಅದು ಹಂದಿನೋ, ನಾಯಿನೋ, ಪಕ್ಕದ ತೋಟದ ಕಾವಲಿನವನೋ ಗೊತ್ತಾಗಲ್ಲ. ಹಂದಿ ಅಂತ ತಿಳ್ಕೊಂಡು ಮನುಷ್ಯನಿಗೇ ಹೊಡೆದಿರೋದು, ಅದೂ ಜೊತೇಲಿ ಹೋದ ಗೆಳೆಯನಿಗೇ, ಇಂಥ ಸುದ್ದಿ ನಮ್ಮ ಜಿಲ್ಲೇಲಿ ಒಂದಲ್ಲ ಎರಡಲ್ಲ. ಪಾಯಿಂಟ್ 22 ರೈಫಲ್ ಚಿಕ್ಕದು ಅಂತ ಹಗುರವಾಗಿ ನೋಡ್ತಾರೆ, ಅದರ ಗುಂಡು ಗುರಿ ತಪ್ಪಿದ್ರೆ ಒಂದು ಕಿಲೋಮೀಟರಿಗಿಂತ ದೂರ ಹೋಗುತ್ತೆ, ಅಷ್ಟರೊಳಗೆ ಎಷ್ಟು ಲೈನ್‌ಮನೆ ಇದೆ ಯೋಚ್ನೆ ಮಾಡಿ. ಅರೆಬರೆ ಗಾಯ ಆದ ಹಂದಿ ಬೆಳಿಗ್ಗೆ ಕೆಲಸಕ್ಕೆ ಬಂದ ಹೆಂಗಸಿನ ಮೇಲೆ ತಿರುಗಿ ಬಿದ್ರೆ ಅದಕ್ಕೆ ಯಾರು ಹೊಣೆ?

ಇನ್ನು ನಿಮ್ಮ ಎರಡನೇ ಮಾತು, ಕೋವಿ ಹಿಡಿದವರು ಪ್ರಾಣಿ ಉಳಿಸೋದು ಹೇಗೆ ಅಂತ. ನೀವು ಇದನ್ನ ಕೇಳಿದ್ದು ನನಗೆ ಸಂತೋಷ ಆಯ್ತು, ಯಾಕಂದ್ರೆ ನಮ್ಮ ಹಳೇ ಪದ್ಧತಿಗಳನ್ನ ನೋಡಿದ್ರೆ ಕೋವಿ ಬರೀ ಬೇಟೆಗೆ ಇದ್ದಿದ್ದಲ್ಲ. ಗಂಡುಮಗು ಹುಟ್ಟಿದ್ರೆ ಆಕಾಶಕ್ಕೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು, ಊರಿಗೆಲ್ಲ ವಿಷ್ಯ ಗೊತ್ತಾಗೋದು ಹಾಗೆ. ಸುಗ್ಗಿ ಹಬ್ಬ ಪುತ್ತರಿ ದಿನ ಕದಿರು ಕೊಯ್ಯೋ ಮುಂಚೆ ಒಂದು ಗುಂಡು. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್, ಅಂದ್ರೆ ನಮ್ಮ ಆಯುಧ ಪೂಜೆ ಹಬ್ಬ, ಬಂದಾಗ ಕೋವಿ, ಒಡಿಕತ್ತಿ ಎಲ್ಲಾ ತೊಳೆದು ದೇವರ ಕೋಣೇಲಿಟ್ಟು ತೋಕ್ ಪೂ ಮುಡಿಸ್ತೀವಿ, ಕನ್ನಡದಲ್ಲಿ ಗೌರಿಹೂ ಅಂತಾರಲ್ಲ ಅದೇ, ನಮ್ಮಲ್ಲಿ ಅದರ ಹೆಸರೇ ಕೋವಿ ಹೂ. ಪೂಜೆ ಆದ್ಮೇಲೆ ಊರಿನ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ.

ಬೇಟೆ ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಹುಲಿ ಹೊಡೆದವನಿಗೆ ನರಿ ಮಂಗಲ ಅಂತ ಮದುವೆ ಥರಾನೇ ಶಾಸ್ತ್ರ ಮಾಡಿ ಕೂರಿಸ್ತಿದ್ರು, ಕೊಡವ ತಕ್ಕ್‌ನಲ್ಲಿ ನರಿ ಅಂದ್ರೆ ಹುಲಿ. ಅದೇ ನೆಲದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು ಉಳಿದಿದೆ. ಅದೇ ಕೊಡವರ ಮನೆಯಿಂದ ಕೆ.ಎಂ. ಚಿಣ್ಣಪ್ಪ ಬಂದ್ರು, ನಾಗರಹೊಳೇಲಿ ರೇಂಜರ್ ಆಗಿ ಕಳ್ಳಬೇಟೆಯವರನ್ನ ವರ್ಷಗಟ್ಟಲೆ ಎದುರು ಹಾಕ್ಕೊಂಡ್ರು, 1992ರಲ್ಲಿ ಕಾಡಿಗೇ ಬೆಂಕಿ ಬಿತ್ತು, ಅವರು ಹಿಂದೆ ಸರೀಲಿಲ್ಲ. 2024ರಲ್ಲಿ ಅವರು ತೀರ್ಕೊಂಡಾಗ ನನಗೆ ನಮ್ಮ ಮನೆಯ ಹಿರಿಯರೇ ಹೋದ ಹಾಗೆ ಆಗಿತ್ತು.

ಶೂಟಿಂಗ್ ಆಟದ ದಾರಿನೂ ಹೀಗೇ ಬದಲಾಗಿರೋದು. 1900ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ಜೀವಂತ ಪಾರಿವಾಳ ಹಾರಿಬಿಟ್ಟು ಹೊಡೀತಿದ್ರು, ಈಗ ಟ್ರ್ಯಾಪ್ ಸ್ಪರ್ಧೇಲಿ 110 ಮಿಲಿಮೀಟರ್ ಅಗಲದ ಬಿಲ್ಲೆ ಹಾರುತ್ತೆ, ಯಾರ ಪ್ರಾಣಾನೂ ಹೋಗಲ್ಲ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಪಾಯಿಂಟಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಅದಕ್ಕೆ ಗುರಿ ಇಟ್ಟು 60 ಗುಂಡು ಹೊಡೆದು ನೋಡಿ, ಹಂದಿ ಹೊಡೆಯೋದು ದೊಡ್ಡ ಗುರಿಕಾರಿಕೆ ಅಂತ ಆಮೇಲೆ ಅನ್ನಿಸಲ್ಲ.

ನಮ್ಮ ಕ್ಲಬ್ ಚಿಕ್ಕದು, ಗುಡ್ಡದ ಮಗ್ಗುಲಲ್ಲಿ ಗುರಿ ಹೊಡೆಯೋ ಒಂದು ರೇಂಜ್. ತೆಂಗಿನಕಾಯಿನ ಮರದ ತುದಿಗೆ ಕಟ್ಟೋದು ನಿಲ್ಲಿಸಿದ್ದೀವಿ, ಹಿಂದೆ ಮಣ್ಣಿನ ದಿಬ್ಬ ಇರೋ ಕಡೆ ಕಂಬ ನೆಟ್ಟು ಅದಕ್ಕೆ ಕಟ್ತೀವಿ, ಗುಂಡು ತಪ್ಪಿದ್ರೂ ಮಣ್ಣಿಗೇ ಹೋಗ್ಬೇಕು. ದಿಬ್ಬದಲ್ಲಿ ಸೇರಿದ ಸೀಸನ ವರ್ಷಕ್ಕೊಂದ್ಸಲ ಜರಡಿ ಹಿಡಿದು ತೆಗೀತೀವಿ, ಯಾಕಂದ್ರೆ ಕೆರೆ ಗದ್ದೆಗೆ ಬಿದ್ದ ಸೀಸದ ಕಾಳನ್ನ ನೀರುಹಕ್ಕಿಗಳು ಕಲ್ಲು ಅಂತ ನುಂಗಿ ವಿಷ ಏರಿ ಸಾಯ್ತವೆ. ಮಕ್ಕಳಿಗೆ ಏರ್‌ಗನ್ ಕೊಡೋ ಮುಂಚೆ ಮೊದಲ ತಿಂಗಳು ಬರೀ ಹಕ್ಕಿ ಗುರುತಿಸೋ ಪಾಠ. ನಾನು ಚಿಕ್ಕವನಿದ್ದಾಗ ಏರ್‌ಗನ್‌ನಲ್ಲಿ ಒಂದು ಪಿಕಳಾರ ಹೊಡೆದಿದ್ದೆ, ಅದು ಅಂಗೈಯಲ್ಲಿ ಬಿಸಿಯಾಗೇ ಇತ್ತು, ಗೂಡಲ್ಲಿ ಮರಿ ಇತ್ತು. ಆ ಮಕ್ಕಳ ಕೈಯಿಂದ ಇಂಥದ್ದು ಆಗ್ಬಾರ್ದು ಅನ್ನೋ ಆಸೆ ನನಗೆ ತುಂಬಾ ಇದೆ. ಮಳೆ ನಿಂತ ಮೇಲೆ ಅರಣ್ಯ ಸಿಬ್ಬಂದಿ ಜೊತೆ ಸೇರಿ ತೋಟದ ಅಂಚಲ್ಲಿ ಉರುಲು ಹುಡುಕ್ತೀವಿ, ಬೈಕಿನ ಕ್ಲಚ್ ವೈರಲ್ಲಿ ಮಾಡಿರ್ತಾರೆ, ಹಂದಿಗೆ ಅಂತ ಇಟ್ಟಿದ್ದು ಸಿಕ್ಕಿಹಾಕ್ಕೊಳ್ಳೋದು ಚಿರತೆ. ಆ ದಿನ ಯಾರೂ ಕೋವಿ ತರಲ್ಲ, ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯೋದೇ ಅಪರಾಧ.

ಹಾಗಾದ್ರೆ ನಿಮ್ಮ ಗದ್ದೆ ಕಥೆ? ನಿಮ್ಮ ನಷ್ಟ ಸಣ್ಣದಲ್ಲ, ಒಂದು ರಾತ್ರೀಲಿ ಮೂರು ತಿಂಗಳ ಕೆಲಸ ಹೋಗೋದನ್ನ ನಾನೂ ನೋಡಿದ್ದೀನಿ. ಬೆಳಿಗ್ಗೆ ಎದ್ದ ಕೂಡ್ಲೆ ಹಾಳಾದ ಜಾಗದ ಫೋಟೋ ತೆಗೀರಿ, ಹೆಜ್ಜೆ ಗುರುತೂ ಬರೋ ಹಾಗೆ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಇಲ್ಲಾ ಅವರ ರೇಂಜ್ ಆಫೀಸಿಗೆ ಹೋಗಿ, ಪರಿಹಾರದ ಅರ್ಜಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ-ಪರಿಹಾರದಲ್ಲಿ ಹೋಗುತ್ತೆ, ಪಹಣಿ, ಬ್ಯಾಂಕ್ ಪಾಸ್‌ಬುಕ್ ರೆಡಿ ಇಟ್ಕೊಳ್ಳಿ. ನಷ್ಟ ಮತ್ತೆ ಮತ್ತೆ ಆಗ್ತಿದ್ರೆ ಅಕ್ಕಪಕ್ಕದ ನಾಲ್ಕೈದು ಗದ್ದೆಯವರು ಸೇರಿ ಒಂದೇ ಅರ್ಜಿ ಬರೆದು 11ನೇ ಸೆಕ್ಷನ್ ಹೆಸರು ಹಾಕಿ ಕ್ರಮ ತಗೊಳ್ಳಿ ಅಂತ ಕೇಳಿ, ಸ್ವೀಕೃತಿ ತಗೊಳ್ಳೋದು ಮರೀಬೇಡಿ. ಆದೇಶ ಬರೋವರೆಗೆ ಕೋವಿ ದೇವರ ಕೋಣೇಲೇ ಇರ್ಲಿ. ಭಾನುವಾರ ಬಿಡುವಿದ್ರೆ ನಮ್ಮ ಕ್ಲಬ್ ರೇಂಜಿಗೆ ತನ್ನಿ, ಅಜ್ಜನ ಜೋಡಿನಳಿಗೆ ಅಂದ್ರಲ್ಲ, ಅಷ್ಟು ಹಳೇ ಕೋವಿಯ ನಳಿಗೆ ಒಳಗೆ ತುಕ್ಕು ಹಿಡಿದಿದ್ಯಾ ಅಂತ ತಿಳಿದವರ ಹತ್ರ ಒಂದ್ಸಲ ತೋರಿಸದೆ ತೋಟಾ ತುಂಬಬೇಡಿ.